ಹಣ್ಣಿನ ಬಣ್ಣ, ಬಾಟಲಿಯ ಅಂಕಿ
(ಆಂಟಿ ಆಕ್ಸಿಡೆಂಟ್ ವಿಚಾರ ಬೆಳೆದು ಬಂದ ದಾರಿ)

‘ಆಂಟಿ ಆಕ್ಸಿಡೆಂಟ್’ ಎಂಬ ಪದವನ್ನು ಇಂದು ಕೇಳದವರು ವಿರಳ. ಟೀ ಪುಡಿಯ ಪೊಟ್ಟಣ, ಮುಖಕ್ಕೆ ಹಚ್ಚುವ ಕ್ರೀಮು, ಹಣ್ಣಿನ ರಸದ ಬಾಟಲಿ, ಎಲ್ಲದರ ಮೇಲೂ ಈ ಪದ ಕಾಣಸಿಗುತ್ತದೆ. ಆದರೆ ಅದರ ಅರ್ಥವೇನು, ಅದು ಎಲ್ಲಿಂದ ಬಂತು, ಅದನ್ನು ನಂಬಿ ಎಷ್ಟು ಹಣ ಕೊಡಬಹುದು ಎಂದು ವಿಚಾರಿಸುವವರು ಕಡಿಮೆ. ನಾನೂ ವಿಚಾರಿಸಿದವನಲ್ಲ. ವಿಚಾರಿಸುವಂತೆ ಮಾಡಿದ್ದು ಒಂಬತ್ತನೇ ತರಗತಿಯ ಒಬ್ಬ ಹುಡುಗ.

ಕೆಲವು ವರ್ಷಗಳ ಹಿಂದೆ ಅವನು ಒಂದು ಖಾಲಿ ಬಾಟಲಿಯನ್ನು ಬ್ಯಾಗಿನಿಂದ ತೆಗೆದು ನನ್ನ ಮೇಜಿನ ಮೇಲಿಟ್ಟ. ಅದು ವಿದೇಶಿ ಬೆರಿ ಹಣ್ಣುಗಳ ರಸದ ಬಾಟಲಿ. “ಸರ್, ಇದರ ಮೇಲೆ ದೊಡ್ಡ ನಂಬರ್ ಇದೆ ನೋಡಿ. ನಂಬರ್ ಜಾಸ್ತಿ ಇದ್ದಷ್ಟೂ ಸಕ್ಕರೆ ಕಾಯಿಲೆ ಬೇಗ ಹೋಗುತ್ತಂತೆ. ಅಬ್ಬಾ ಮಾತ್ರೆ ಬಿಟ್ಟು ಇದನ್ನೇ ಕುಡಿಯುತ್ತಿದ್ದಾರೆ. ಇದು ನಿಜಾನಾ ಸರ್?” ಎಂದು ಕೇಳಿದ. ಅವನ ತಂದೆ ಆಟೋ ಓಡಿಸುವವರು. ಒಂದು ಬಾಟಲಿಗೆ ಅವರ ನಾಲ್ಕೈದು ದಿನದ ದುಡಿಮೆ ಹೋಗುತ್ತಿತ್ತು. ನಾನು ಭಾಷೆ ಕಲಿಸುವ ಶಿಕ್ಷಕ, ವಿಜ್ಞಾನದವನಲ್ಲ. “ಮೊದಲು ಅಬ್ಬಾ ಅವರನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ನಂಬರಿನ ವಿಷಯ ನಾನು ತಿಳಿದುಕೊಂಡು ಹೇಳುತ್ತೇನೆ” ಎಂದೆ. ಹೇಳಿದ ಮಾತಿಗಾಗಿ ಓದಲು ಕುಳಿತಾಗ ಆ ಒಂದು ಅಂಕಿಯ ಹಿಂದೆ ಮೂರೂವರೆ ಶತಮಾನದ ಇತಿಹಾಸವಿರುವುದು ತಿಳಿಯಿತು. ಅದನ್ನೇ ಇಲ್ಲಿ ಸದಸ್ಯರ ಹಾಗೂ ವಿದ್ಯಾರ್ಥಿಗಳ ಮುಂದಿಡುತ್ತಿದ್ದೇನೆ.

ಬಣ್ಣದ ಹಿಂದೆ ಹೊರಟವರು

ನೇರಳೆ ಹಣ್ಣು ತಿಂದವರ ನಾಲಿಗೆ ನೋಡಿದರೆ ಸಾಕು, ಕದ್ದು ತಿಂದದ್ದೂ ಗೊತ್ತಾಗಿಬಿಡುತ್ತದೆ. ಆ ರಸಕ್ಕೆ ಎರಡು ಹನಿ ನಿಂಬೆರಸ ಹಾಕಿದರೆ ಅದು ಕೆಂಪಾಗುತ್ತದೆ. ಅಡಿಗೆ ಸೋಡಾ ಬೆರೆಸಿದರೆ ನೀಲಿ, ಹಸಿರಿನ ಕಡೆಗೆ ತಿರುಗುತ್ತದೆ. ಇದೇ ಬಗೆಯ ಪ್ರಯೋಗವನ್ನು ವಯೊಲೆಟ್ ಹೂವಿನ ಪಾನಕದ ಮೇಲೆ ಮಾಡಿ, 1664ರಲ್ಲಿ ಬಣ್ಣಗಳ ಕುರಿತ ತನ್ನ ಪುಸ್ತಕದಲ್ಲಿ ಬರೆದವನು ರಾಬರ್ಟ್ ಬಾಯ್ಲ್. ಆಮ್ಲ ಹಾಕಿದರೆ ಕೆಂಪು, ಕ್ಷಾರ ಹಾಕಿದರೆ ಹಸಿರು ಎಂಬುದನ್ನು ಅವನು ಗುರುತಿಸಿದ. ಆದರೆ ಬಣ್ಣದೊಳಗಿನ ವಸ್ತು ಯಾವುದೆಂದು ಅವನ ಕಾಲದಲ್ಲಿ ತಿಳಿಯುವಂತಿರಲಿಲ್ಲ.

ಆ ವಸ್ತುವಿಗೆ ಹೆಸರು ಸಿಕ್ಕಿದ್ದು 1835ರಲ್ಲಿ. ಜರ್ಮನಿಯ ಲುಡ್ವಿಗ್ ಮಾರ್ಕ್ವಾರ್ಟ್ ಎಂಬುವರು ಹೂವಿನ ನೀಲಿ ಬಣ್ಣವನ್ನು ‘ಆಂಥೋಸಯನಿನ್’ ಎಂದು ಕರೆದರು. ಗ್ರೀಕ್ ಭಾಷೆಯಲ್ಲಿ ‘ಆಂಥೋಸ್’ ಎಂದರೆ ಹೂವು, ‘ಸಯನೋಸ್’ ಎಂದರೆ ನೀಲಿ. ಇಂದು ಬ್ಲೂಬೆರಿ, ದ್ರಾಕ್ಷಿ, ನೇರಳೆ, ಬದನೆಕಾಯಿಯ ಸಿಪ್ಪೆ, ಕೆಂಪು ಎಲೆಕೋಸು ಇವೆಲ್ಲದರ ಬಣ್ಣಕ್ಕೆ ಕಾರಣ ಈ ಆಂಥೋಸಯನಿನ್ ಗುಂಪಿನ ವಸ್ತುಗಳೆಂದು ನಾವು ಬಲ್ಲೆವು.

ಇವುಗಳ ರಚನೆಯನ್ನು ಬಿಡಿಸಿ ತೋರಿಸಿದ ಕೀರ್ತಿ ಜರ್ಮನಿಯ ರಿಚರ್ಡ್ ವಿಲ್‌ಸ್ಟೇಟರ್ ಅವರದು. ಬರ್ಲಿನ್ ಸಮೀಪದ ಡಾಲೆಮ್‌ನಲ್ಲಿದ್ದ ಪ್ರಯೋಗಾಲಯದಲ್ಲಿ ಅವರು 1913ರ ಸುಮಾರಿಗೆ ನೀಲಿ ಕಾರ್ನ್‌ಫ್ಲವರ್ ಹೂವಿನ ಬಣ್ಣವನ್ನು ಬೇರ್ಪಡಿಸಿದರು. ನೀಲಿ ಕಾರ್ನ್‌ಫ್ಲವರ್ ಹಾಗೂ ಕೆಂಪು ಗುಲಾಬಿ ಎರಡರಲ್ಲಿರುವುದೂ ಮೂಲತಃ ಒಂದೇ ವಸ್ತು ಎಂದು ತಿಳಿದಾಗ ವಿಜ್ಞಾನಿಗಳೇ ಬೆರಗಾದರು. ಆಮೇಲೆ ದ್ರಾಕ್ಷಿ, ಕ್ರ್ಯಾನ್‌ಬೆರಿ, ಬಿಲ್‌ಬೆರಿ ಹಣ್ಣುಗಳ ಸರದಿ. ಸಸ್ಯಗಳ ಬಣ್ಣದ ಮೇಲಿನ, ವಿಶೇಷವಾಗಿ ಎಲೆಹಸಿರಿನ ಮೇಲಿನ ಸಂಶೋಧನೆಗಾಗಿ 1915ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ದೊರೆಯಿತು. ಅಷ್ಟರಲ್ಲಿ ಮೊದಲ ಮಹಾಯುದ್ಧ ಆರಂಭವಾಗಿತ್ತು. ಹೂವು ಹಣ್ಣುಗಳ ಕೆಲಸ ನಿಂತಿತು. ಸರ್ಕಾರ ಅವರಿಗೆ ವಹಿಸಿದ ಹೊಸ ಕೆಲಸ ವಿಷಾನಿಲದಿಂದ ಸೈನಿಕರನ್ನು ಉಳಿಸುವ ಮುಖವಾಡಕ್ಕೆ ಶೋಧಕವನ್ನು ತಯಾರಿಸುವುದು.

ದೇಶಕ್ಕಾಗಿ ಇಷ್ಟು ದುಡಿದ ವಿಲ್‌ಸ್ಟೇಟರ್ ಮುಂದೆ 1924ರಲ್ಲಿ ಮ್ಯೂನಿಕ್ ವಿಶ್ವವಿದ್ಯಾಲಯದ ಹುದ್ದೆಗೆ ರಾಜೀನಾಮೆ ಕೊಟ್ಟರು. ಯೋಗ್ಯ ವಿದ್ವಾಂಸರೊಬ್ಬರನ್ನು ಯಹೂದಿ ಎಂಬ ಕಾರಣಕ್ಕೆ ನೇಮಿಸಿಕೊಳ್ಳಲು ಅಲ್ಲಿನವರು ಒಪ್ಪದಿದ್ದುದೇ ಅದಕ್ಕೆ ಕಾರಣ. ಅವರೂ ಯಹೂದಿಯೇ. 1939ರಲ್ಲಿ ಅವರು ತಾಯ್ನಾಡು ತೊರೆದು ಸ್ವಿಟ್ಜರ್ಲೆಂಡ್ ಸೇರಿ, 1942ರಲ್ಲಿ ಅಲ್ಲಿಯೇ ಕೊನೆಯುಸಿರೆಳೆದರು.

ವಿಷಾನಿಲದಿಂದ ಹುಟ್ಟಿದ ವಿಚಾರ

ಅದೇ ಯುದ್ಧದ ಇನ್ನೊಂದು ಕಡೆ, ಫ್ರಾನ್ಸಿನಲ್ಲಿ, ‘ಆಂಟಿ ಆಕ್ಸಿಡೆಂಟ್’ ವಿಚಾರ ರೂಪುಗೊಳ್ಳುತ್ತಿತ್ತು. ಅದನ್ನು ನೋಡುವ ಮೊದಲು ಆಕ್ಸಿಡೇಶನ್ ಎಂದರೇನೆಂದು ನೆನಪಿಸಿಕೊಳ್ಳೋಣ. ಕನ್ನಡದಲ್ಲಿ ಇದನ್ನು ಉತ್ಕರ್ಷಣ ಎನ್ನುತ್ತೇವೆ, ಉರ್ದುವಿನಲ್ಲಿ ‘ತಕ್ಸೀದ್’. ಗೇಟಿನ ಕಬ್ಬಿಣ ತುಕ್ಕು ಹಿಡಿಯುವುದು, ಹಳೆಯ ಎಣ್ಣೆ ಕಮಟು ವಾಸನೆ ಬೀರುವುದು, ಹೆಚ್ಚಿದ ಬದನೆಕಾಯಿ ಕಪ್ಪಾಗುವುದು, ಇವೆಲ್ಲದರಲ್ಲೂ ಗಾಳಿಯ ಆಮ್ಲಜನಕದ ಕೈವಾಡವಿದೆ. ನಮ್ಮನ್ನು ಬದುಕಿಸುವ ಆಮ್ಲಜನಕವೇ ವಸ್ತುಗಳನ್ನು ಕೆಡಿಸುತ್ತದೆ ಕೂಡ.

ಫ್ರೆಂಚ್ ಸೇನೆ ಯುದ್ಧದಲ್ಲಿ ‘ಅಕ್ರೋಲಿನ್’ ಎಂಬ ಉಸಿರುಗಟ್ಟಿಸುವ ರಾಸಾಯನಿಕವನ್ನು ಬಳಸುತ್ತಿತ್ತು. ಸಂಗ್ರಹಿಸಿಟ್ಟರೆ ಅದು ತಾನಾಗಿಯೇ ಕೆಟ್ಟು ನಿರುಪಯುಕ್ತವಾಗುತ್ತಿತ್ತು. ಇದನ್ನು ತಡೆಯುವ ಉಪಾಯ ಹುಡುಕಿದವರು ಷಾರ್ಲ್ ಮೊರೂ ಮತ್ತು ಷಾರ್ಲ್ ದ್ಯುಫ್ರೆಸ್. ಫೀನಾಲ್ ಜಾತಿಯ ಕೆಲವು ವಸ್ತುಗಳನ್ನು ಅತ್ಯಲ್ಪ ಪ್ರಮಾಣದಲ್ಲಿ ಬೆರೆಸಿದರೂ ಅಕ್ರೋಲಿನ್ ಕೆಡದೆ ಉಳಿಯುತ್ತದೆ ಎಂದು ಅವರು ಕಂಡುಕೊಂಡರು. ಕಾರಣ ಹುಡುಕಿದಾಗ, ಆ ವಸ್ತುಗಳು ಆಮ್ಲಜನಕದ ಕೆಲಸಕ್ಕೇ ತಡೆಯೊಡ್ಡುತ್ತಿದ್ದವು ಎಂದು ತಿಳಿಯಿತು. 1922ರಲ್ಲಿ ಅವರು ಇಂಥ ವಸ್ತುಗಳ ಬಗ್ಗೆ ಪ್ರಬಂಧ ಪ್ರಕಟಿಸಿದರು. ಬಹಳ ಬೇಗ ಈ ತಿಳಿವಳಿಕೆ ರಬ್ಬರ್ ಬಿರುಕು ಬಿಡದಂತೆ, ಎಣ್ಣೆ ಕಮಟದಂತೆ ಕಾಪಾಡಲು ಬಳಕೆಗೆ ಬಂತು. ಇಂದು ನಾವು ಆರೋಗ್ಯದ ಜೊತೆ ಸೇರಿಸಿ ಹೇಳುವ ಮಾತು ಆರಂಭದಲ್ಲಿ ವಿಷಾನಿಲದ ಪಾತ್ರೆಗೂ ಕಾರ್ಖಾನೆಯ ಟಯರಿಗೂ ಸಂಬಂಧಿಸಿದ್ದಾಗಿತ್ತು.

ಹಣ್ಣುಗಳ ಆಂಥೋಸಯನಿನ್‌ಗಳೂ ಫೀನಾಲ್ ಕುಟುಂಬಕ್ಕೇ ಸೇರಿದವು. ಒಂದೊಂದು ಅಣುವಿನಲ್ಲೂ ಹಲವು ಫೀನಾಲ್ ಭಾಗಗಳಿರುವುದರಿಂದ ಇವುಗಳಿಗೆ ಪಾಲಿಫೀನಾಲ್ ಎಂಬ ಹೆಸರಿದೆ. ಆದರೆ ಟಯರಿಗೂ ಹಣ್ಣಿಗೂ ಸಂಬಂಧ ಕಲ್ಪಿಸಲು ಇನ್ನೂ ಹಲವು ದಶಕಗಳು ಬೇಕಾದವು.

ಕೆಂಪು ಮೆಣಸಿನಕಾಯಿಯ ಊರಿನಲ್ಲಿ

ಸಮುದ್ರಯಾನದಲ್ಲಿ ತಿಂಗಳುಗಟ್ಟಲೆ ಹಸಿ ತರಕಾರಿ, ಹಣ್ಣು ಕಾಣದ ನಾವಿಕರು ಸ್ಕರ್ವಿ ಕಾಯಿಲೆಯಿಂದ ಒಸಡು ಕೊಳೆತು, ರಕ್ತ ಸೋರಿ ಸಾಯುತ್ತಿದ್ದರು. 1747ರಲ್ಲಿ ಬ್ರಿಟಿಷ್ ನೌಕಾಪಡೆಯ ವೈದ್ಯ ಜೇಮ್ಸ್ ಲಿಂಡ್ 12 ಮಂದಿ ರೋಗಿಗಳನ್ನು ಇಬ್ಬಿಬ್ಬರಂತೆ ಆರು ಜೋಡಿ ಮಾಡಿ, ಒಂದೊಂದು ಜೋಡಿಗೆ ಒಂದೊಂದು ಔಷಧ ಕೊಟ್ಟು ನೋಡಿದ. ಕಿತ್ತಳೆ, ನಿಂಬೆ ತಿಂದ ಜೋಡಿಯೇ ಬೇಗ ಚೇತರಿಸಿಕೊಂಡಿತು. ಆದರೂ ನಿಂಬೆರಸವನ್ನು ನೌಕಾಪಡೆ ಅಧಿಕೃತವಾಗಿ ಒಪ್ಪಿಕೊಂಡದ್ದು 1795ರಲ್ಲಿ, ಸುಮಾರು ಅರ್ಧ ಶತಮಾನದ ನಂತರ!

ಹಣ್ಣಿನೊಳಗೆ ಯಾವ ವಸ್ತುವಿತ್ತು? ಉತ್ತರ ಸಿಕ್ಕಿದ್ದು ಬೇರೆಯದೇ ಪ್ರಶ್ನೆ ಹಿಡಿದು ಹೊರಟವರಿಗೆ. ಹಂಗೇರಿಯ ಆಲ್ಬರ್ಟ್ ಸೆಂಟ್-ಜಾರ್ಜಿ ಅವರಿಗೆ ಒಂದು ಕುತೂಹಲವಿತ್ತು. ಸೇಬು, ಆಲೂಗಡ್ಡೆ ಕತ್ತರಿಸಿದರೆ ಕಂದಾಗುತ್ತವೆ, ನಿಂಬೆ, ಕಿತ್ತಳೆ ಆಗುವುದಿಲ್ಲ, ಏಕೆ? 1928ರಲ್ಲಿ ಅವರು ಕೇಂಬ್ರಿಜ್‌ನಲ್ಲಿ ಇದಕ್ಕೆ ಕಾರಣವಾದ ವಸ್ತುವನ್ನು ಪ್ರಾಣಿಗಳ ಅಡ್ರಿನಲ್ ಗ್ರಂಥಿ, ಕಿತ್ತಳೆ ಮತ್ತು ಎಲೆಕೋಸಿನಿಂದ ಬೇರ್ಪಡಿಸಿದರು. ಅದು ಸಕ್ಕರೆಯ ಜಾತಿಯದೆಂದು ತಿಳಿದಿತ್ತು, ಯಾವ ಸಕ್ಕರೆ ಎಂದು ತಿಳಿದಿರಲಿಲ್ಲ. ಆದ್ದರಿಂದ ‘ನನಗೆ ಗೊತ್ತಿಲ್ಲ’ ಎಂಬ ಅರ್ಥ ಬರುವಂತೆ ‘ಇಗ್ನೋಸ್’ ಎಂದು ಹೆಸರಿಟ್ಟರು. ಪತ್ರಿಕೆಯ ಸಂಪಾದಕರು ಒಪ್ಪಲಿಲ್ಲ. ‘ದೇವರೇ ಬಲ್ಲ’ ಎಂಬರ್ಥದ ‘ಗಾಡ್‌ನೋಸ್’ ಆಗಬಹುದೇ ಎಂದು ಕೇಳಿದರಂತೆ! ಕೊನೆಗೆ ಅದು ‘ಹೆಕ್ಸುರಾನಿಕ್ ಆಮ್ಲ’ ಎಂಬ ಗಂಭೀರ ಹೆಸರಿನಲ್ಲಿ ಅಚ್ಚಾಯಿತು.

1932ರಲ್ಲಿ ಹಂಗೇರಿಯ ಸೆಗೆಡ್ ಪಟ್ಟಣದಲ್ಲಿ ಸೆಂಟ್-ಜಾರ್ಜಿ ಹಾಗೂ ಜೋಸೆಫ್ ಸ್ವಿರ್ಬೆಲಿ ಗಿನಿ ಇಲಿಗಳ ಮೇಲೆ ಪ್ರಯೋಗ ನಡೆಸಿ, ಈ ಆಮ್ಲವೇ ಸ್ಕರ್ವಿ ತಡೆಯುವ ‘ಸಿ’ ಜೀವಸತ್ವ ಎಂದು ತೋರಿಸಿದರು. ಅದೇ ವರ್ಷ ಅಮೆರಿಕದ ಚಾರ್ಲ್ಸ್ ಗ್ಲೆನ್ ಕಿಂಗ್ ಕೂಡ ಇದೇ ತೀರ್ಮಾನಕ್ಕೆ ಬಂದರು. ಸೆಗೆಡ್ ಊರು ಪ್ಯಾಪ್ರಿಕಾ ಎಂಬ ಕೆಂಪು ಮೆಣಸಿನಕಾಯಿಗೆ ಹೆಸರಾದದ್ದು. ಒಂದು ರಾತ್ರಿ ಮನೆಯಲ್ಲಿ ಊಟಕ್ಕೆ ಬಡಿಸಿದ ಪ್ಯಾಪ್ರಿಕಾವನ್ನು ತಿನ್ನುವ ಮನಸ್ಸಿಲ್ಲದ ಸೆಂಟ್-ಜಾರ್ಜಿ ಅದನ್ನು ಪ್ರಯೋಗಾಲಯಕ್ಕೆ ಒಯ್ದು ಪರೀಕ್ಷಿಸಿದರು. ಅದರಲ್ಲಿ ‘ಸಿ’ ಜೀವಸತ್ವ ಹೇರಳವಾಗಿತ್ತು. ಅಲ್ಲಿಯವರೆಗೆ ಗ್ರಾಂ ಲೆಕ್ಕದಲ್ಲಿ ಸಿಗುತ್ತಿದ್ದ ವಸ್ತು ಈಗ ಕಿಲೋ ಲೆಕ್ಕದಲ್ಲಿ ಸಿಗತೊಡಗಿತು. 1937ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಬಂತು.

ಅವರ ಯಶಸ್ಸನ್ನು ಎಲ್ಲ ಪುಸ್ತಕಗಳೂ ಹೇಳುತ್ತವೆ, ಸೋಲನ್ನು ಹೇಳುವುದಿಲ್ಲ. ನಮ್ಮ ವಿಷಯಕ್ಕೆ ಆ ಸೋಲೇ ಮುಖ್ಯ. ಸೂಕ್ಷ್ಮ ರಕ್ತನಾಳಗಳು ಸುಲಭವಾಗಿ ಒಡೆಯುವ ರೋಗಿಗಳಿಗೆ ಶುದ್ಧ ‘ಸಿ’ ಜೀವಸತ್ವಕ್ಕಿಂತ ಅಷ್ಟು ಶುದ್ಧವಲ್ಲದ ನಿಂಬೆ ಮತ್ತು ಪ್ಯಾಪ್ರಿಕಾ ಸಾರ ಹೆಚ್ಚು ಗುಣ ಕೊಟ್ಟಂತೆ ಕಂಡಿತು. ಆ ಸಾರದಲ್ಲಿದ್ದ ಫ್ಲೇವನಾಯ್ಡ್‌ಗಳೇ ಇದಕ್ಕೆ ಕಾರಣವೆಂದು ಭಾವಿಸಿ 1936ರಲ್ಲಿ ಅವುಗಳಿಗೆ ‘ಪಿ’ ಜೀವಸತ್ವ ಎಂದು ಹೆಸರಿಟ್ಟರು. ಆಂಥೋಸಯನಿನ್‌ಗಳೂ ಈ ಫ್ಲೇವನಾಯ್ಡ್ ಗುಂಪಿನವೇ. ಆದರೆ ಜೀವಸತ್ವ ಎನ್ನಬೇಕಾದರೆ ಅದಿಲ್ಲದೆ ದೇಹ ನಡೆಯುವುದಿಲ್ಲ ಎಂದು ತೋರಿಸಬೇಕು. ಮುಂದಿನ ಪ್ರಯೋಗಗಳಲ್ಲಿ ಅದನ್ನು ತೋರಿಸಲಾಗಲಿಲ್ಲ. 1950ರಲ್ಲಿ ಅಮೆರಿಕದ ವಿಜ್ಞಾನಿಗಳ ಸಮಿತಿ ‘ಪಿ’ ಜೀವಸತ್ವ ಎಂಬ ಹೆಸರನ್ನು ಕೈಬಿಡುವಂತೆ ಶಿಫಾರಸು ಮಾಡಿತು. ಹಣ್ಣಿನ ಬಣ್ಣದ ವಸ್ತುಗಳಿಗೆ ಸಿಕ್ಕಿದ್ದ ದೊಡ್ಡ ಪದವಿ ಹೀಗೆ ಒಮ್ಮೆ ಕೈತಪ್ಪಿತು.

ಒಂಟಿ ಚಪ್ಪಲಿಯ ಕಥೆ

ಈ ನಡುವೆ ರಸಾಯನಶಾಸ್ತ್ರಜ್ಞರು ಉತ್ಕರ್ಷಣ ಹೇಗೆ ಹಬ್ಬುತ್ತದೆ ಎಂಬುದನ್ನು ಅರಿತುಕೊಂಡಿದ್ದರು. ಅಣುಗಳಲ್ಲಿ ಎಲೆಕ್ಟ್ರಾನ್‌ಗಳು ಸಾಮಾನ್ಯವಾಗಿ ಜೋಡಿಯಾಗಿರುತ್ತವೆ. ಒಂಟಿ ಎಲೆಕ್ಟ್ರಾನ್ ಇರುವ ಅಣುವಿಗೆ ಫ್ರೀ ರ‍್ಯಾಡಿಕಲ್ ಎನ್ನುತ್ತಾರೆ. 1900ರಲ್ಲಿ ಅಮೆರಿಕದ ಮೋಸೆಸ್ ಗೋಂಬರ್ಗ್ ಇಂಥ ಒಂದನ್ನು ಮೊದಲ ಬಾರಿಗೆ ಪತ್ತೆ ಹಚ್ಚಿದರು.

ತರಗತಿಯಲ್ಲಿ ಇದನ್ನು ಹೀಗೆ ಹೇಳಬಹುದು. ಮದುವೆ ಮನೆಯ ಬಾಗಿಲಲ್ಲಿ ಒಬ್ಬನ ಚಪ್ಪಲಿ ಕಳೆದುಹೋಗುತ್ತದೆ. ಅವನು ಪಕ್ಕದವನ ಚಪ್ಪಲಿ ಮೆಟ್ಟಿಕೊಂಡು ಹೊರಡುತ್ತಾನೆ. ಆ ಪಕ್ಕದವನು ಮೂರನೆಯವನದನ್ನು, ಮೂರನೆಯವನು ನಾಲ್ಕನೆಯವನದನ್ನು ಹಾಕಿಕೊಳ್ಳುತ್ತಾನೆ. ಸ್ವಲ್ಪ ಹೊತ್ತಿನಲ್ಲಿ ಇಡೀ ಮದುವೆ ಮನೆಯಲ್ಲಿ ಗಲಾಟೆ. ಇದು ಯಾವಾಗ ನಿಲ್ಲುತ್ತದೆ? “ಹೋಗಲಿ ಬಿಡಪ್ಪ, ನನ್ನದು ನೀನು ತೆಗೆದುಕೋ” ಎಂದು ಕೊಟ್ಟು, ಬೇರೆಯವರದಕ್ಕೆ ಕೈಹಾಕದೆ ಬರಿಗಾಲಲ್ಲಿ ಮನೆಗೆ ಹೋಗುವ ಒಬ್ಬ ದೊಡ್ಡ ಮನಸ್ಸಿನವನು ಬಂದಾಗ. ಆಂಟಿ ಆಕ್ಸಿಡೆಂಟ್ ಎಂದರೆ ಆ ಮನುಷ್ಯ. ಫೀನಾಲ್ ತನ್ನ ಒಂದು ಹೈಡ್ರೋಜನ್ ಪರಮಾಣುವನ್ನು ಕೊಟ್ಟುಬಿಡುತ್ತದೆ. ತನ್ನಲ್ಲಿ ಉಳಿದ ಒಂಟಿ ಎಲೆಕ್ಟ್ರಾನನ್ನು ಅಣುವಿನ ಉಂಗುರದ ಉದ್ದಕ್ಕೂ ಹಂಚಿಕೊಂಡು ಸಮಾಧಾನವಾಗಿರುತ್ತದೆ. ಸರಪಳಿ ಅಲ್ಲಿಗೆ ಕಡಿಯುತ್ತದೆ.

ಇಂಥ ಗಲಾಟೆ ನಮ್ಮ ದೇಹದಲ್ಲೂ ನಡೆಯುತ್ತದೆಯೇ? 1954ರಲ್ಲಿ ಅರ್ಜೆಂಟೀನಾದ ವಿಜ್ಞಾನಿ ರೆಬೆಕಾ ಗರ್ಶ್‌ಮನ್ ಮತ್ತು ಸಂಗಡಿಗರು, ಅತಿಯಾದ ಆಮ್ಲಜನಕವೂ ಎಕ್ಸ್-ಕಿರಣವೂ ಜೀವಿಗಳಿಗೆ ಹಾನಿ ಮಾಡುವುದು ಫ್ರೀ ರ‍್ಯಾಡಿಕಲ್‌ಗಳ ಮೂಲಕ ಎಂದು ಪ್ರತಿಪಾದಿಸಿದರು. 1956ರಲ್ಲಿ ಅಮೆರಿಕದ ಡೆನ್ಹಮ್ ಹಾರ್ಮನ್ ಒಂದು ಹೆಜ್ಜೆ ಮುಂದೆ ಹೋಗಿ, ನಮಗೆ ಮುಪ್ಪು ಬರುವುದಕ್ಕೂ ಇವೇ ಕಾರಣ ಎಂದರು. ಬಹಳ ಮಂದಿ ಇದನ್ನು ನಂಬಲಿಲ್ಲ. ಆದರೆ 1969ರಲ್ಲಿ ಜೋ ಮೆಕಾರ್ಡ್ ಮತ್ತು ಇರ್ವಿನ್ ಫ್ರಿಡೋವಿಚ್, ಇಂಥ ಒಂದು ರ‍್ಯಾಡಿಕಲನ್ನು ನಿವಾರಿಸಲೆಂದೇ ದೇಹದಲ್ಲಿ ಕಿಣ್ವವೊಂದಿದೆ ಎಂದು ತೋರಿಸಿದಾಗ ಚಿತ್ರ ಬದಲಾಯಿತು. ಕಾವಲುಗಾರನಿದ್ದಾನೆಂದರೆ ಕಳ್ಳನೂ ಇರಲೇಬೇಕಲ್ಲವೇ?

ಆದರೆ ಕಳ್ಳ ಪೂರ್ತಿ ಕಳ್ಳನಲ್ಲ ಎಂಬುದೂ ಬೇಗ ತಿಳಿಯಿತು. ನಮ್ಮ ಬಿಳಿ ರಕ್ತಕಣಗಳು ರೋಗಾಣುಗಳನ್ನು ಕೊಲ್ಲಲು ಇದೇ ರ‍್ಯಾಡಿಕಲನ್ನು ತಯಾರಿಸುತ್ತವೆ ಎಂದು 1973ರಲ್ಲಿ ಪ್ರಕಟವಾಯಿತು. ರಕ್ತನಾಳಗಳನ್ನು ಸಡಿಲಗೊಳಿಸುವ ನೈಟ್ರಿಕ್ ಆಕ್ಸೈಡ್ ಕೂಡ ಒಂದು ಫ್ರೀ ರ‍್ಯಾಡಿಕಲ್, ಅದರ ಸಂಶೋಧನೆಗೆ 1998ರಲ್ಲಿ ನೊಬೆಲ್ ಬಂತು. ಇವುಗಳನ್ನು ಸಾರಾಸಗಟಾಗಿ ನಾಶ ಮಾಡುವುದು ಆರೋಗ್ಯವಲ್ಲ. ಜಾಹೀರಾತುಗಳು ಈ ಭಾಗವನ್ನು ಹೇಳುವುದೇ ಇಲ್ಲ.

ಕಾಡು ಹಣ್ಣು ಪಟ್ಟಕ್ಕೇರಿದ್ದು

ಬ್ಲೂಬೆರಿ ಉತ್ತರ ಅಮೆರಿಕದ ಕಾಡು ಪೊದೆ. ಅದನ್ನು ತೋಟದ ಬೆಳೆಯಾಗಿ ಮಾಡಿದವರು ಸಸ್ಯವಿಜ್ಞಾನಿ ಫ್ರೆಡರಿಕ್ ಕೊವಿಲ್ ಹಾಗೂ ನ್ಯೂಜೆರ್ಸಿಯ ರೈತನ ಮಗಳು ಎಲಿಜಬೆತ್ ವೈಟ್. 1911ರಿಂದ ಇಬ್ಬರೂ ಜೊತೆಗೂಡಿ ದುಡಿದರು. ದೊಡ್ಡ ಹಣ್ಣು ಬಿಡುವ ಪೊದೆ ಹುಡುಕಿ ಕೊಟ್ಟ ಕಾಡಿನ ಜನರಿಗೆ ವೈಟ್ ಹಣ ಕೊಡುತ್ತಿದ್ದರು, ಪೊದೆಗೆ ಹುಡುಕಿದವರ ಹೆಸರನ್ನೇ ಇಡುತ್ತಿದ್ದರು. 1916ರಲ್ಲಿ ಮೊದಲ ಬೆಳೆ ಮಾರುಕಟ್ಟೆಗೆ ಬಂತು. ಆಗ ಅದು ಕೇವಲ ರುಚಿಯ ಹಣ್ಣು, ಔಷಧವಲ್ಲ.

1993ರಲ್ಲಿ ಗುವೋಹುವಾ ಕಾವೊ ಮತ್ತು ಸಂಗಡಿಗರು ಅಮೆರಿಕದಲ್ಲಿ ಹೊಸ ಅಳತೆಯೊಂದನ್ನು ಪ್ರಕಟಿಸಿದರು. ಅದರ ಹೆಸರು ‘ಒರಾಕ್’. ಅದರ ವಿಧಾನ ಸರಳ. ಪ್ರನಾಳದಲ್ಲಿ ಹೊಳೆಯುವ ಒಂದು ವಸ್ತುವನ್ನಿಟ್ಟು, ಅದಕ್ಕೆ ಫ್ರೀ ರ‍್ಯಾಡಿಕಲ್‌ಗಳನ್ನು ಬಿಡುತ್ತಾರೆ. ಹೊಳಪು ಕುಂದುತ್ತಾ ಹೋಗುತ್ತದೆ. ಹಣ್ಣಿನ ಸಾರ ಸೇರಿಸಿದಾಗ ಹೊಳಪು ಎಷ್ಟು ಹೊತ್ತು, ಎಷ್ಟು ಮಟ್ಟಿಗೆ ಉಳಿಯಿತು ಎಂಬುದನ್ನು ಲೆಕ್ಕ ಹಾಕಿ ಒಂದು ಅಂಕಿ ಕೊಡುತ್ತಾರೆ. ಬಾಸ್ಟನ್‌ನಲ್ಲಿರುವ ಅಮೆರಿಕದ ಕೃಷಿ ಇಲಾಖೆಯ ಸಂಶೋಧನಾ ಕೇಂದ್ರದಲ್ಲಿ ಕಾವೊ ಮತ್ತು ರೊನಾಲ್ಡ್ ಪ್ರಯರ್ ಹಣ್ಣು ತರಕಾರಿಗಳನ್ನು ಹೀಗೆ ಅಳೆದಾಗ ಬ್ಲೂಬೆರಿ ಮುಂಚೂಣಿಯಲ್ಲಿ ನಿಂತಿತು. 1999ರಲ್ಲಿ ಅದೇ ಕೇಂದ್ರದ ಜೇಮ್ಸ್ ಜೋಸೆಫ್ ಮತ್ತು ಸಂಗಡಿಗರು ಮುದಿ ಇಲಿಗಳಿಗೆ ಎಂಟು ವಾರ ಬ್ಲೂಬೆರಿ ಸಾರ ತಿನ್ನಿಸಿದಾಗ ಅವುಗಳ ನಡಿಗೆಯ ಹಿಡಿತ ಸುಧಾರಿಸಿತು ಎಂದು ವರದಿ ಮಾಡಿದರು. ಪತ್ರಿಕೆಗಳಿಗೆ ಇಷ್ಟು ಸಾಕಾಯಿತು. ಕಾಡು ಹಣ್ಣು ‘ಸೂಪರ್ ಫುಡ್’ ಎಂಬ ಪಟ್ಟಕ್ಕೇರಿತು.

2007ರಲ್ಲಿ ಕೃಷಿ ಇಲಾಖೆ 277 ಆಹಾರಗಳ ಒರಾಕ್ ಪಟ್ಟಿಯನ್ನು ಪ್ರಕಟಿಸಿತು. 2010ರ ಆವೃತ್ತಿಯಲ್ಲಿ ಅದು 326ಕ್ಕೆ ಏರಿತು. ವ್ಯಾಪಾರಿಗಳಿಗೆ ಇದು ಸುಗ್ಗಿ. ದೂರದೂರದ ಬೆರಿಗಳ ರಸ, ಪುಡಿ, ಮಾತ್ರೆಗಳ ಮೇಲೆ ಒರಾಕ್ ಅಂಕಿ ರಾರಾಜಿಸತೊಡಗಿತು. ನನ್ನ ವಿದ್ಯಾರ್ಥಿ ತಂದ ಬಾಟಲಿಯ ಮೇಲಿದ್ದುದೂ ಇದೇ ಅಂಕಿ.

ಪಟ್ಟಿಯನ್ನು ಸರಿಯಾಗಿ ನೋಡಿದ್ದರೆ ಅಂಕಿಯ ಮಿತಿ ಆಗಲೇ ತಿಳಿಯುತ್ತಿತ್ತು. ಅದರಲ್ಲಿ ನಮ್ಮ ಅಡಿಗೆ ಮನೆಯ ಲವಂಗದ ಪುಡಿ ಬ್ಲೂಬೆರಿಗಿಂತ ಹತ್ತಾರು ಪಟ್ಟು ಮೇಲಿದೆ! ಲೆಕ್ಕ ನೂರು ಗ್ರಾಮಿಗೆ. ಲವಂಗವನ್ನು ನೂರು ಗ್ರಾಂ ತಿನ್ನುವವರು ಯಾರು? ನೀರು ತುಂಬಿದ ಹಣ್ಣನ್ನೂ ಒಣಗಿಸಿದ ಪುಡಿಯನ್ನೂ ಒಂದೇ ತಕ್ಕಡಿಯಲ್ಲಿ ತೂಗಿದರೆ ಪುಡಿಯೇ ಗೆಲ್ಲುತ್ತದೆ.

ಪ್ರನಾಳ ಬೇರೆ, ದೇಹ ಬೇರೆ

ಅಂಕಿಯ ಮೆರವಣಿಗೆ ಶುರುವಾಗುವ ಹೊತ್ತಿಗೇ ಒಂದು ಎಚ್ಚರಿಕೆಯ ಗಂಟೆ ಬಾರಿಸಿತ್ತು. ಫಿನ್ಲೆಂಡಿನಲ್ಲಿ 29,133 ಮಂದಿ ಧೂಮಪಾನಿ ಪುರುಷರಿಗೆ ವರ್ಷಗಟ್ಟಲೆ ‘ಇ’ ಜೀವಸತ್ವ, ಬೀಟಾ ಕ್ಯಾರೊಟಿನ್ ಇಲ್ಲವೇ ಔಷಧವಿಲ್ಲದ ಹುಸಿ ಮಾತ್ರೆ ಕೊಟ್ಟು ನೋಡಲಾಯಿತು. ಎರಡೂ ಹೆಸರಾಂತ ಆಂಟಿ ಆಕ್ಸಿಡೆಂಟ್‌ಗಳು. ಶ್ವಾಸಕೋಶದ ಕ್ಯಾನ್ಸರ್ ಕಡಿಮೆಯಾಗುತ್ತದೆಂಬುದು ಎಲ್ಲರ ನಿರೀಕ್ಷೆ. 1994ರಲ್ಲಿ ಫಲಿತಾಂಶ ಬಂದಾಗ ಬೀಟಾ ಕ್ಯಾರೊಟಿನ್ ತೆಗೆದುಕೊಂಡವರಲ್ಲಿ ಆ ಕ್ಯಾನ್ಸರ್ ಶೇಕಡಾ 18ರಷ್ಟು ಹೆಚ್ಚಾಗಿತ್ತು! ಅಮೆರಿಕದಲ್ಲಿ 18,314 ಮಂದಿಯ ಮೇಲೆ, ಬೀಟಾ ಕ್ಯಾರೊಟಿನ್ ಜೊತೆಗೆ ‘ಎ’ ಜೀವಸತ್ವ ಕೊಟ್ಟು ನಡೆಸುತ್ತಿದ್ದ ಇನ್ನೊಂದು ಪ್ರಯೋಗದಲ್ಲಿ ಈ ಹೆಚ್ಚಳ ಶೇಕಡಾ 28. 1996ರಲ್ಲಿ ಅದನ್ನು ಅವಧಿಗೆ ಮೊದಲೇ ನಿಲ್ಲಿಸಬೇಕಾಯಿತು. ಇವು ಬೆರಿಯ ವಸ್ತುಗಳಲ್ಲ, ಹಣ್ಣು ತಿಂದವರ ಕಥೆಯೂ ಅಲ್ಲ. ಆದರೆ ‘ಆಂಟಿ ಆಕ್ಸಿಡೆಂಟ್ ಎಷ್ಟು ಹೆಚ್ಚಿದ್ದರೆ ಅಷ್ಟು ಒಳ್ಳೆಯದು’ ಎಂಬ ಮಾತಿನ ಬುಡ ಅಲ್ಲಿಗೇ ಅಲ್ಲಾಡಿತು.

ಹಾಗಾದರೆ ಬೆರಿಯ ವಸ್ತುಗಳಿಗೆ ದೇಹದಲ್ಲಿ ಏನಾಗುತ್ತದೆ? 2013ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 8 ಮಂದಿ ಪುರುಷರಿಗೆ ಗುರುತು ಹಾಕಿದ ಇಂಗಾಲವುಳ್ಳ 500 ಮಿಲಿಗ್ರಾಂ ಆಂಥೋಸಯನಿನ್ ಕೊಟ್ಟು, ಅದು ಎಲ್ಲೆಲ್ಲಿ ಹೋಗುತ್ತದೆಂದು ಹಿಂಬಾಲಿಸಿದರು. ದೇಹದೊಳಕ್ಕೆ ಸೇರಿದ್ದು ಸುಮಾರು ಶೇಕಡಾ 12 ಮಾತ್ರ. ಅದೂ ಬಹುಪಾಲು ಮೂಲ ರೂಪದಲ್ಲಲ್ಲ, ಒಡೆದು ಬೇರೆಯಾದ ಚಿಕ್ಕ ಚಿಕ್ಕ ವಸ್ತುಗಳಾಗಿ. ರಕ್ತದಲ್ಲಿ ಮೊದಲೇ ಇರುವ ‘ಸಿ’ ಜೀವಸತ್ವ, ಯೂರಿಕ್ ಆಮ್ಲಗಳ ಮುಂದೆ ಇವುಗಳ ಪ್ರಮಾಣ ತೀರಾ ಅಲ್ಪ. ಸೇಬು ತಿಂದ ಮೇಲೆ ರಕ್ತದ ಆಂಟಿ ಆಕ್ಸಿಡೆಂಟ್ ಶಕ್ತಿ ಏರುವುದು ಸೇಬಿನ ಪಾಲಿಫೀನಾಲ್‌ನಿಂದಲ್ಲ, ಅದರ ಸಕ್ಕರೆಯಿಂದಾಗಿ ಯೂರಿಕ್ ಆಮ್ಲ ಹೆಚ್ಚುವುದರಿಂದ ಎಂದು 2004ರಲ್ಲಿ ಅಮೆರಿಕದ ಸಂಶೋಧಕರು ತೋರಿಸಿದ್ದರು.

ಕೊನೆಗೆ 2012ರಲ್ಲಿ ಅಮೆರಿಕದ ಕೃಷಿ ಇಲಾಖೆ ತನ್ನ ಒರಾಕ್ ಪಟ್ಟಿಯನ್ನು ತಾನೇ ಹಿಂತೆಗೆದುಕೊಂಡಿತು. ಆಹಾರ ಕಂಪನಿಗಳು ಆ ಅಂಕಿಗಳನ್ನು ದುರುಪಯೋಗ ಮಾಡುತ್ತಿವೆ, ಪ್ರನಾಳದಲ್ಲಿ ಸಿಕ್ಕ ಫಲಿತಾಂಶವನ್ನು ಮನುಷ್ಯ ದೇಹಕ್ಕೆ ಅನ್ವಯಿಸಲು ಬರುವುದಿಲ್ಲ ಎಂಬುದು ಅದು ಕೊಟ್ಟ ಕಾರಣ. ಅಳೆದವರೇ ಅಳತೆಯನ್ನು ಕೈಬಿಟ್ಟರು. ಆದರೆ ಬಾಟಲಿಯ ಮೇಲಿನ ಅಂಕಿ ಮಾತ್ರ ಹೋಗಲಿಲ್ಲ.

ಹಾಗಾದರೆ ಹಣ್ಣು ತಿನ್ನಬಾರದೇ?

ಖಂಡಿತ ತಿನ್ನಬೇಕು. ಇತಿಹಾಸ ಹಣ್ಣನ್ನು ಅಲ್ಲಗಳೆದಿಲ್ಲ, ಹಣ್ಣಿನ ಬಗ್ಗೆ ಕೊಟ್ಟ ಅವಸರದ ವಿವರಣೆಯನ್ನು ಅಲ್ಲಗಳೆದಿದೆ. 2013ರಲ್ಲಿ ಪ್ರಕಟವಾದ, ಅಮೆರಿಕದ 93,600 ಮಂದಿ ದಾದಿಯರನ್ನು 18 ವರ್ಷ ಗಮನಿಸಿದ ಅಧ್ಯಯನದಲ್ಲಿ, ಆಂಥೋಸಯನಿನ್ ಹೆಚ್ಚಾಗಿ ಸೇವಿಸಿದವರಲ್ಲಿ ಹೃದಯಾಘಾತ ಶೇಕಡಾ 32ರಷ್ಟು ಕಡಿಮೆ ಕಂಡಿತು. ಅವರ ಮುಖ್ಯ ಮೂಲ ಬ್ಲೂಬೆರಿ, ಸ್ಟ್ರಾಬೆರಿ. ಹಣ್ಣು ತಿನ್ನುವವರು ಬೇರೆ ವಿಷಯಗಳಲ್ಲೂ ಶಿಸ್ತಿನವರಿರಬಹುದಾದ್ದರಿಂದ ಇದನ್ನು ಪೂರ್ತಿ ಪುರಾವೆ ಎನ್ನಲಾಗದು. 2019ರಲ್ಲಿ ಬ್ರಿಟನ್ನಿನ ಸಂಶೋಧಕರು 115 ಮಂದಿಯ ಮೇಲೆ ಆರು ತಿಂಗಳು ನಡೆಸಿದ ಪ್ರಯೋಗದ ವರದಿ ಬಂತು. ದಿನಕ್ಕೆ 150 ಗ್ರಾಂ ಬ್ಲೂಬೆರಿಗೆ ಸಮನಾದ ಪುಡಿ ತಿಂದವರ ರಕ್ತನಾಳಗಳ ಹಿಗ್ಗುವ ಗುಣ ಸುಧಾರಿಸಿತ್ತು. ಆದರೆ ಸಕ್ಕರೆ ಕಾಯಿಲೆಗೆ ಮೂಲವಾದ ಇನ್ಸುಲಿನ್ ಪ್ರತಿರೋಧದಲ್ಲಿ ಬದಲಾವಣೆ ಕಾಣಲಿಲ್ಲ. ಈ ಪ್ರಯೋಗಕ್ಕೆ ಬ್ಲೂಬೆರಿ ಬೆಳೆಗಾರರ ಸಂಸ್ಥೆಯ ನೆರವೂ ಇತ್ತು ಎಂಬುದನ್ನು ಓದುಗರು ನೆನಪಿನಲ್ಲಿಡಬೇಕು. ಈ ಪ್ರಯೋಜನ ಬರುವುದು ರ‍್ಯಾಡಿಕಲ್‌ಗಳನ್ನು ನೇರವಾಗಿ ನುಂಗುವುದರಿಂದಲ್ಲ, ಒಡೆದ ವಸ್ತುಗಳು ಜೀವಕೋಶಗಳಿಗೆ ಕೊಡುವ ಸೂಚನೆಗಳಿಂದ ಎಂಬುದು ವಿಜ್ಞಾನಿಗಳು ಈಗ ಹೆಚ್ಚಾಗಿ ಅನುಸರಿಸುತ್ತಿರುವ ದಾರಿ.

ಇನ್ನು ಬ್ಲೂಬೆರಿಯೇ ಬೇಕೆಂದೇನೂ ಇಲ್ಲ. ಸಸ್ಯಶಾಸ್ತ್ರದ ಲೆಕ್ಕದಲ್ಲಿ ನಮ್ಮ ನೇರಳೆಯೂ ಬೆರಿಯೇ. ಅದರ ಬಣ್ಣವೂ ಆಂಥೋಸಯನಿನ್‌ನದೇ. ದ್ರಾಕ್ಷಿಯೂ ಬೆರಿ. ‘ಸಿ’ ಜೀವಸತ್ವಕ್ಕೆ ನೆಲ್ಲಿಕಾಯಿ, ಸೀಬೆ ಹಣ್ಣು ಇವೆ. ಋತುಮಾನದ ಹಣ್ಣನ್ನು ಹಣ್ಣಾಗಿಯೇ ತಿಂದರೆ ನಾರೂ ಸಿಗುತ್ತದೆ, ಜೇಬಿಗೂ ಹಗುರ. ರಸ ಮಾಡಿದಾಗ ನಾರು ಹೋಗಿ ಸಕ್ಕರೆ ಉಳಿಯುತ್ತದೆ. ಸಕ್ಕರೆ ಕಾಯಿಲೆಯವರು ಯಾವ ಹಣ್ಣನ್ನು ಎಷ್ಟು ತಿನ್ನಬೇಕೆಂದು ವೈದ್ಯರನ್ನು ಕೇಳಬೇಕು. ಯಾವ ಹಣ್ಣೂ ಮಾತ್ರೆಗೆ ಬದಲಿಯಲ್ಲ.

ವಿದ್ಯಾರ್ಥಿಗಳೇ, ಈ ಇತಿಹಾಸದಿಂದ ನೀವು ಮೂರು ಪ್ರಶ್ನೆಗಳನ್ನು ಕಲಿತರೆ ಸಾಕು. ಈ ಅಂಕಿಯನ್ನು ಅಳೆದವರು ಯಾರು? ಅಳೆದದ್ದು ಪ್ರನಾಳದಲ್ಲೋ ಮನುಷ್ಯನ ದೇಹದಲ್ಲೋ? ಅದನ್ನು ಹೇಳುತ್ತಿರುವವರು ಏನನ್ನು ಮಾರುತ್ತಿದ್ದಾರೆ? ಸೆಂಟ್-ಜಾರ್ಜಿ ಅವರಂಥ ಮಹಾ ವಿಜ್ಞಾನಿ ‘ನನಗೆ ಗೊತ್ತಿಲ್ಲ’ ಎಂಬುದನ್ನೇ ಹೆಸರಾಗಿ ಇಡಲು ನಾಚಲಿಲ್ಲ. ಸರ್ಕಾರಿ ಇಲಾಖೆಯೊಂದು ತಾನೇ ಪ್ರಕಟಿಸಿದ ಪಟ್ಟಿಯನ್ನು ಹಿಂತೆಗೆದುಕೊಂಡಿತು. ತಪ್ಪನ್ನು ಒಪ್ಪಿಕೊಳ್ಳುವುದು ವಿದ್ಯೆಯ ಲಕ್ಷಣ, ಬಾಟಲಿಯ ಮೇಲಿನ ಅಂಕಿಗೆ ಆ ಗುಣವಿಲ್ಲ.

ಆ ಹುಡುಗನಿಗೆ ನಾನು ಇಷ್ಟನ್ನೂ ಹೇಳಲಿಲ್ಲ. ಪಟ್ಟಿ ಹಿಂತೆಗೆದ ಸಂಗತಿಯನ್ನು ಒಂದು ಹಾಳೆಯಲ್ಲಿ ಉರ್ದುವಿನಲ್ಲಿ ಬರೆದುಕೊಟ್ಟು, “ಅಬ್ಬಾ ಅವರಿಗೆ ಓದಿ ಹೇಳು” ಎಂದೆ. ಅಷ್ಟರಲ್ಲಿ ಅವರು ಡಾಕ್ಟರಿಗೆ ತೋರಿಸಿ ಮತ್ತೆ ಮಾತ್ರೆ ಶುರು ಮಾಡಿದ್ದರು. ಮುಂದಿನ ಜೂನ್ ತಿಂಗಳಲ್ಲಿ ಶಾಲೆ ತೆರೆದಾಗ ಅವನು ಬಂದು ಕಾಗದದಲ್ಲಿ ಕಟ್ಟಿದ ಒಂದು ಪೊಟ್ಟಣ ಕೊಟ್ಟ. “ಅಬ್ಬಾ ಕೊಟ್ಟಿದ್ದಾರೆ ಸರ್, ಸಂತೆಯಿಂದ ತಂದದ್ದು” ಎಂದ. ಒಳಗೆ ನೇರಳೆ ಹಣ್ಣುಗಳಿದ್ದವು. ಅದರ ಮೇಲೆ ಯಾವ ಅಂಕಿಯೂ ಇರಲಿಲ್ಲ.